ಮುತ್ಯಾನ ಎಸ್ಟೇಟ್ ಗಾಡಿ: ಹತ್ತು ಫೋಟೋ, ಹತ್ತು ಕ್ಯಾಪ್ಷನ್

1/10 ಇದು ಯಾವ ಗಾಡಿ?

ಏಪ್ರಿಲ್‌ನಿಂದ ನನ್ನ ಪೇಜಿನಲ್ಲಿ ಎಣ್ಣೆ ಮೆತ್ತಿದ ಕೈ, ಜಂಗು ಹಿಡಿದ ಬೋಲ್ಟು, ಘಾಸಲೇಟ್ ಡಬ್ಬಿ ಇಷ್ಟೇ ಕಾಣ್ತಾ ಇವೆ. "ಅದು ಜೀಪೋ ಕಾರೋ?" ಅಂತ ಕ್ಲಾಸಿನವರು ಕೇಳಿದ್ದೇ ಕೇಳಿದ್ದು. ಇವತ್ತಿನಿಂದ ಹತ್ತು ದಿನ, ದಿನಕ್ಕೊಂದು ಫೋಟೋ, ಒಂದು ಕ್ಯಾಪ್ಷನ್. ಉದ್ದ ಆಯ್ತು ಅಂದ್ರ ಸೇವ್ ಮಾಡಿ ಇಟ್ಕೊಳ್ರಿ, ಸಿಂದಗಿ ಬಸ್ಸಿನಾಗ ಕೂತು ಓದ್ರಿ.

ಫೋಟೋದಲ್ಲಿರುವುದು ಟಾಟಾ ಎಸ್ಟೇಟ್, 1995ರ ಮಾಡೆಲ್. ಇಂಥ ಗಾಡಿಗೆ ಸ್ಟೇಷನ್ ವ್ಯಾಗನ್ ಅಂತಾರೆ. ಸಾದಾ ಕಾರಿನಲ್ಲಿ ಛಾವಣಿ ಹಿಂದಿನ ಸೀಟಿಗೆ ಮುಗಿದು, ಡಿಕ್ಕಿ ಬೇರೆ ಡಬ್ಬಿಯ ಹಾಗೆ ಹೊರಗೆ ಚಾಚಿರುತ್ತದೆ. ವ್ಯಾಗನ್ನಿನಲ್ಲಿ ಛಾವಣಿ ಗಾಡಿಯ ತುದಿಯ ತನಕ ಹೋಗುತ್ತದೆ. ಹಿಂದೆ ಮೇಲಕ್ಕೆ ಎತ್ತುವ ದೊಡ್ಡ ಬಾಗಿಲು. ಹಿಂದಿನ ಸೀಟು ಮಡಚಿದರೆ ನಾಲ್ಕಾರು ಚೀಲ ತೊಗರಿ ಹಿಡಿಯುತ್ತದೆ, ಇಲ್ಲವೇ ಒಬ್ಬರನ್ನು ಮಲಗಿಸಬಹುದು.

ಹೆಸರು ಬಂದದ್ದು ಅಮೆರಿಕದಿಂದ. ನೂರು ವರ್ಷದ ಹಿಂದೆ ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಅವರ ಪೆಟ್ಟಿಗೆಗಳನ್ನೂ ಊರೊಳಗೆ ತರುವ ಮೋಟಾರು ಗಾಡಿಗಳಿದ್ದವು. ಕಾರಿನ ಚಾಸಿಗೆ ಬಡಗಿಗಳು ಕಟ್ಟಿಗೆಯ ಬಾಡಿ ಕಟ್ಟುತ್ತಿದ್ದರು. ಸ್ಟೇಷನ್ನಿಗೆ ಓಡಾಡುವ ಗಾಡಿ, ಅದಕ್ಕೇ ಸ್ಟೇಷನ್ ವ್ಯಾಗನ್. ಬ್ರಿಟನ್ನಿನವರು ಇದನ್ನೇ ಎಸ್ಟೇಟ್ ಕಾರು ಅಂದರು. ನಮ್ಮ ಮೋರಟಗಿಯಲ್ಲಿ ಇದಕ್ಕೆ ಇರುವ ಹೆಸರು ಒಂದೇ: ಮುತ್ಯಾನ ಉದ್ದನ ಗಾಡಿ.

ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದೀನಿ. ಗಾಡಿ ನನ್ನದಲ್ಲ, ಮುತ್ಯಾಂದು. ಕೆಲಸ ನಮ್ಮದು. ನಾಳೆ ಇದರ ಅಣ್ಣ-ತಮ್ಮಂದಿರ ಬಗ್ಗೆ ಹೇಳ್ತೀನಿ.

2/10 ಭಾರತದಾಗ ಈ ಜಾತಿ ಗಾಡಿ ಯಾಕ ಕಮ್ಮಿ?

ನಮ್ಮ ದೇಶದಲ್ಲಿ ವ್ಯಾಗನ್ ಇರಲೇ ಇಲ್ಲ ಅಂತ ತಿಳೀಬ್ಯಾಡ್ರಿ. ಅಂಬಾಸಡರಿಗೆ ಎಸ್ಟೇಟ್ ರೂಪ ಇತ್ತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ತನ್ನ ಹೆರಾಲ್ಡ್ ಕಾರನ್ನು ಆಧಾರ ಮಾಡಿಕೊಂಡು ಕಂಪ್ಯಾನಿಯನ್ ಅನ್ನುವ ವ್ಯಾಗನ್ ತಂದಿತ್ತು. ನಮ್ಮ ಬೆಂಗಳೂರಿನ ಸಿಪಾನಿ ಕಂಪನಿ 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರನ್ನು ಇಲ್ಲೇ ಜೋಡಿಸಿ ಮಾರಿತು, ಅದರಲ್ಲೂ ಎಸ್ಟೇಟ್ ಇತ್ತು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಟಾಟಾದ ಇಂಡಿಗೊ ಮರೀನಾ ಬಂದವು. ಒಂದೂ ಬಹಳ ದಿನ ಉಳಿಯಲಿಲ್ಲ.

ಟಾಟಾ ಎಸ್ಟೇಟ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಆಗ ಕಂಪನಿಯ ಹೆಸರು ಟೆಲ್ಕೊ. ಅವರ ಹತ್ತಿರ ಟಾಟಾಮೊಬೈಲ್ ಅನ್ನುವ ಪಿಕಪ್ ಇತ್ತು. ಅದರ ತಳಪಾಯದ ಮೇಲೆ 1991ರಲ್ಲಿ ಮೂರು ಬಾಗಿಲಿನ ಸಿಯೆರಾ, ಮರುವರ್ಷ ಐದು ಬಾಗಿಲಿನ ಎಸ್ಟೇಟ್ ಕಟ್ಟಿದರು. 1948 ಸಿಸಿ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಸುಮಾರು 68 ಹಾರ್ಸ್ ಪವರ್. ಪವರ್ ಸ್ಟೀರಿಂಗ್, ಪವರ್ ವಿಂಡೋ ಆ ಕಾಲಕ್ಕೆ ದೊಡ್ಡ ಮಾತು. 2000ದ ಹೊತ್ತಿಗೆ ಉತ್ಪಾದನೆ ನಿಂತಿತು.

ಯಾಕೆ ಹೋಗಲಿಲ್ಲ? ನನಗೆ ಕಾಣುವ ಕಾರಣ ಎರಡು. ಒಂದು, ಡಿಕ್ಕಿ ಬೇರೆ ಇಲ್ಲದ ಗಾಡಿ ಅಂದರೆ ನಮ್ಮವರ ಕಣ್ಣಿಗೆ ಸಾಮಾನು ಸಾಗಿಸುವ ಗಾಡಿ. ಅಷ್ಟು ರೊಕ್ಕ ಕೊಟ್ಟು ಟೆಂಪೋ ಯಾರು ತಗೋತಾರೆ? ಎರಡು, 1994ರಲ್ಲಿ ಅದೇ ಕಂಪನಿಯ ಸುಮೊ ಬಂತು. ಅದೇ ಎಂಜಿನ್ನು, ಆದರೆ ಹತ್ತು ಮಂದಿ ಹಿಡಿಯುತ್ತದೆ. ನಮ್ಮ ಕಡೆ ಹತ್ತು ಅಂದ್ರ ಹದಿನೈದು. ಸಿಂದಗಿ, ಇಂಡಿ, ಮುದ್ದೇಬಿಹಾಳ ರಸ್ತೆ ತುಂಬಾ ಸುಮೊ ಓಡಿದವು. ಎಸ್ಟೇಟ್ ಅಲ್ಲೊಂದು ಇಲ್ಲೊಂದು ಉಳಿಯಿತು.

ಆದರೆ ಅದೇ ಸುಮೊ ಮೂವತ್ತು ವರ್ಷದ ಮೇಲೆ ನಮ್ಮ ಗಾಡಿಯ ಜೀವ ಉಳಿಸಿತು. ಅದು ಎಂಟನೇ ಭಾಗದಲ್ಲಿ.

3/10 108 ಇಲ್ಲದ ಕಾಲ

ಮುತ್ಯಾ ಈ ಗಾಡಿ ತಂದದ್ದು 1998ರಲ್ಲಿ, ವಿಜಯಪುರದಾಗ ಸೆಕೆಂಡ್ ಹ್ಯಾಂಡ್. ಆಗಿನ್ನೂ ಬಿಜಾಪುರ. ತೊಗರಿ, ಹತ್ತಿ, ಬಿಳಿಜೋಳ ಬೆಳೆಯುವ ಮನುಷ್ಯನಿಗೆ ಕಾರು ಯಾಕೆ ಅಂತ ಊರು ನಕ್ಕಿತ್ತಂತೆ. ಮುತ್ಯಾನ ಲೆಕ್ಕ ಬೇರೆ ಇತ್ತು. ಬೀಜ-ಗೊಬ್ಬರ ಹಿಂದೆ, ಮನೆಮಂದಿ ಮುಂದೆ.

ಲೆಕ್ಕದಲ್ಲಿ ಇಲ್ಲದ್ದೊಂದು ಶುರುವಾಯಿತು. ರಾತ್ರಿ ಹೊತ್ತು ಬಾಗಿಲು ಬಡಿಯುವುದು.

ನಿಮ್ಮಲ್ಲಿ ಬಹಳ ಮಂದಿ 2005ರ ಮೇಲೆ ಹುಟ್ಟಿದವರು. 108 ಇಲ್ಲದ ಊರು ನಿಮಗೆ ಗೊತ್ತಿಲ್ಲ. ಕರ್ನಾಟಕದಲ್ಲಿ ಆರೋಗ್ಯ ಕವಚ 108 ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮೊದಲು ಹಳ್ಳಿಯಲ್ಲಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ನೋವು ಬಂದರೆ ಊರಿನಲ್ಲಿ ಯಾರ ಹತ್ತಿರ ಗಾಡಿ ಐತೋ ಅವರ ಮನೆಗೆ ಓಡುವುದು. ಟ್ರ್ಯಾಕ್ಟರ್ ಆದರೂ ಸರಿ, ಟಂಟಂ ಆದರೂ ಸರಿ.

ನಮ್ಮದು ಹಿಂದಿನ ಸೀಟು ಮಡಚಿದರೆ ಮಲಗಿಸುವ ಗಾಡಿ. ಮ್ಯಾಲೊಂದು ಕೌದಿ ಹಾಸಿದರೆ ಸಾಕು. ಸಣ್ಣದಾದರೆ ಸಿಂದಗಿ, ದೊಡ್ಡದಾದರೆ ಜೇವರ್ಗಿ ದಾಟಿ, ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ಮೇಲೆ ಹಾಯ್ದು ಕಲಬುರಗಿ. ಮುತ್ಯಾ ಡೀಸೆಲ್ ರೊಕ್ಕ ಕೇಳುತ್ತಿರಲಿಲ್ಲ. ಕೊಟ್ಟರೆ ಬೇಡ ಅನ್ನುತ್ತಲೂ ಇರಲಿಲ್ಲ.

ಈಗಲೂ ಊರಲ್ಲಿ ನಡುವಯಸ್ಸಿನ ಹೆಣ್ಣುಮಕ್ಕಳು ನನ್ನ ನಿಲ್ಲಿಸಿ, "ನನ್ನ ಮಗ ನಿಮ್ಮ ಗಾಡ್ಯಾಗ ಹುಟ್ಟಿದ್ದು ತಂಗೀ" ಅಂತಾರೆ. ನಾನು ಇಬ್ಬರ ಬಾಯಲ್ಲಿ ಕೇಳೀನಿ. ಆ ಇಬ್ಬರು ಹುಡುಗರಲ್ಲಿ ಒಬ್ಬ ಈ ಪೇಜ್ ಫಾಲೋ ಮಾಡ್ತಾನೆ. ಹೆಸರು ಹೇಳಂಗಿಲ್ಲ, ಹೆದರಬ್ಯಾಡ.

2005ರಲ್ಲಿ ನಮ್ಮ ಆಯಿಯನ್ನೂ ಇದೇ ಗಾಡಿಯಲ್ಲಿ ಕಲಬುರಗಿಗೆ ಒಯ್ದರು. ಆಕೆ ತಿರುಗಿ ಬರಲಿಲ್ಲ. ನಾನು ಹುಟ್ಟಿದ್ದು ಮರುವರ್ಷ. ಅದಾದ ಮೇಲೆ ಮುತ್ಯಾ ಗಾಡಿ ಓಡಿಸಿದ, ಆದರೆ ಹಿಂದಿನ ದೊಡ್ಡ ಬಾಗಿಲನ್ನು ಯಾರೂ ತೆರೆಯಲಿಲ್ಲ. ಚೀಲಗಳನ್ನೂ ಪಕ್ಕದ ಬಾಗಿಲಿನಿಂದಲೇ ತುರುಕುತ್ತಿದ್ದರು. ಯಾಕೆ ಅಂತ ಕೇಳಿದರೆ, "ಅದು ತೆರೆಯಂಗಿಲ್ಲ" ಅನ್ನುವ ಒಂದೇ ಉತ್ತರ.

4/10 ಗುಜರಿಗೆ ಕೊಡೂದಾ, ಇಟ್ಕೊಳ್ಳೂದಾ?

2021ರಲ್ಲಿ ಮುತ್ಯಾನ ಕಣ್ಣು ಮಂಜಾದವು, ಗಾಡಿ ದನದ ಕೊಟ್ಟಿಗೆ ಸೇರಿತು. ನಾಲ್ಕು ವರ್ಷ ಅದರ ಮ್ಯಾಲೆ ಕೋಳಿ ಕೂತವು. ಈ ವರ್ಷ ಮಾರ್ಚಿನಲ್ಲಿ ಗುಜರಿಯವನು ಬಂದು 38 ಸಾವಿರ ಅಂದ. ಅಪ್ಪ ಹೂಂ ಅಂದುಬಿಟ್ಟಿದ್ದ. ನಾನು ಬೇಸಿಗೆ ರಜೆ ತನಕ ನಿಲ್ಲಿಸು ಅಂದೆ.

ಕಾನೂನು ಏನು ಹೇಳುತ್ತೆ ಅನ್ನೋದು ನಿಮಗೂ ಬೇಕಾಗಬಹುದು, ಕೇಳ್ರಿ. ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ತಪಾಸಣೆಯಲ್ಲಿ ಪಾಸಾದರೆ ಮುಂದೆ ಐದೈದು ವರ್ಷಕ್ಕೆ ನವೀಕರಣ. "ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸೋ ಹಂಗಿಲ್ಲಂತ" ಅಂತ ಕಟ್ಟೆ ಮ್ಯಾಲೆ ಕೂತವರು ಹೇಳ್ತಾರಲ್ಲ, ಅದು ದೆಹಲಿ ಸುತ್ತಮುತ್ತಲಿನ ಮಾತು. ವಿಜಯಪುರ ಜಿಲ್ಲೆಗೆ ಸಂಬಂಧ ಇಲ್ಲ.

ನಮ್ಮ ಗಾಡಿ 1995ರ ಅಕ್ಟೋಬರಿನದು. 2010, 2015, 2020ರಲ್ಲಿ ಮುತ್ಯಾ ನವೀಕರಿಸಿದ್ದ. ಮುಂದಿನ ಗಡುವು 2025ರ ಅಕ್ಟೋಬರ್. ನಾವು ಕೆಲಸದ ನಡುವೆ ಇದ್ದಾಗಲೇ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿತು. ಅಪ್ಪ ಮೊಬೈಲ್ ನನ್ನ ಮುಂದೆ ಹಿಡಿದು, "ನೋಡು ನಿನ್ನ ಗಾಡಿ ಸುದ್ದಿ" ಅಂದ.

ವಿಂಟೇಜ್ ಅಂತ ಮಾಡಿಸಬಾರದಾ ಅಂತ ಕೇಳ್ತೀರಿ. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು. ಅಂಥ ಗಾಡಿಗೆ 'ವಿಎ' ಅಕ್ಷರ ಇರುವ ಬೇರೆ ನಂಬರು ಕೊಡುತ್ತಾರೆ. ನಮ್ಮದಕ್ಕೆ 30. ಹಳೇದು ಅನ್ನಿಸಿಕೊಳ್ಳಲು ವಯಸ್ಸು ಹೆಚ್ಚು, ಅಪರೂಪ ಅನ್ನಿಸಿಕೊಳ್ಳಲು ಕಮ್ಮಿ. ಗುಜರಿಗೆ ಹೋಗುವ ಗಾಡಿಗಳಲ್ಲಿ ಬಹಳಷ್ಟು ಈ ನಡುವಿನ ವಯಸ್ಸಿನವೇ.

ಅಪ್ಪನ ಮಾತು ರೊಕ್ಕದ್ದು ಅಂತಲೇ ನಾನು ತಿಳಿದಿದ್ದೆ. ಪೂರ್ತಿ ರೊಕ್ಕದ್ದಾಗಿರಲಿಲ್ಲ.

5/10 ಮೊದಲು ನಿಲ್ಲಬೇಕು, ಆಮ್ಯಾಲೆ ಓಡಬೇಕು

ಸಿಂದಗಿಯಲ್ಲಿ ಒಬ್ಬರು ಮಿಸ್ತ್ರಿ ಕಾಕಾ ಇದ್ದಾರೆ. ಇಪ್ಪತ್ತು ವರ್ಷ ಸುಮೊ ಬಿಚ್ಚಿದ ಕೈ. ಭಾನುವಾರಕ್ಕೊಮ್ಮೆ ಬಂದು ನೋಡಿ, ಬೈದು, ಚಹಾ ಕುಡಿದು ಹೋಗುತ್ತಿದ್ದರು. ಅವರು ಕಲಿಸಿದ ಮೊದಲ ಪಾಠ ಇದು: "ಎಂಜಿನ್ ಶುರು ಮಾಡೂ ಹುಚ್ಚು ಬಿಡವ್ವ. ಮೊದಲ ಬ್ರೇಕ್ ಮಾಡು. ಓಡದ ಗಾಡಿ ಯಾರನ್ನೂ ಕೊಲ್ಲಂಗಿಲ್ಲ, ನಿಲ್ಲದ ಗಾಡಿ ಕೊಲ್ತೈತಿ."

ಹಾಗಾಗಿ ನಮ್ಮ ಕ್ರಮ: ಬ್ರೇಕು, ಎಂಜಿನ್ನು, ತುಕ್ಕು, ಕೊನೆಗೆ ಬಣ್ಣ. ಬಹಳ ಮಂದಿ ಬಣ್ಣದಿಂದ ಶುರು ಮಾಡ್ತಾರೆ. ಫೋಟೋ ಚೆಂದ ಬರ್ತಾವ, ಗಾಡಿ ಮಾತ್ರ ಅಲ್ಲೇ ಇರ್ತೈತಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ನಾಲ್ಕು ವರ್ಷ ನಿಂತ ಗಾಡಿಯಲ್ಲಿ ಆ ನೀರು ಪೈಪಿನ ಒಳಗಿನಿಂದ ತುಕ್ಕು ಹಿಡಿಸಿರುತ್ತದೆ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಹಿಂದಿನ ಡ್ರಮ್ ಬಿಚ್ಚಿದಾಗ ಎರಡೂ ಕಡೆ ವೀಲ್ ಸಿಲಿಂಡರ್ ಸೋರಿ, ಲೈನರ್ ಎಣ್ಣೆಯಲ್ಲಿ ನೆಂದಿದ್ದವು. ಸಿಲಿಂಡರ್, ಲೈನರ್, ರಬ್ಬರ್ ಪೈಪು ಹೊಸವು ಹಾಕಿದೆವು. ಹಳೇ ಆಯಿಲ್ ಪೂರ್ತಿ ಇಳಿಸಿ, ಹೊಸದು ತುಂಬಿ, ಏರ್ ತೆಗೆದೆವು. ಪೆಡಲ್ ಒತ್ತಲು ಅವ್ವನನ್ನು ಕೂಡಿಸಿದ್ದೆ. "ಒತ್ತು, ಹಿಡಿ, ಬಿಡು" ಅನ್ನುತ್ತಾ ಅರ್ಧ ದಿನ ಹೋಯಿತು.

ಮನೆಯಲ್ಲಿ ಮಾಡುವವರಿಗೆ ಮೂರು ಮಾತು. ಜಾಕಿನ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬೇಡಿ. ಇಟ್ಟಂಗಿ ಒಡೆಯುತ್ತದೆ, ನಂಬಬೇಡಿ. ಸ್ಟ್ಯಾಂಡ್ ತನ್ನಿ, ಇಲ್ಲವೇ ಬೇವಿನ ದಪ್ಪ ದಿಮ್ಮಿ ಅಡ್ಡಡ್ಡ ಪೇರಿಸಿ ಇಡಿ. ವೆಲ್ಡಿಂಗ್ ಮೊದಲು ಬ್ಯಾಟರಿ ಬಿಚ್ಚಿ, ಡೀಸೆಲ್ ಟ್ಯಾಂಕ್ ದೂರ ಇಡಿ. ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಪ್ರತಿ ನಟ್ಟಿಗೂ ಹೆಸರು ಬರೆದ ಡಬ್ಬಿ. ನಮ್ಮ ಅಡುಗೆ ಮನೆಯಲ್ಲಿ ಆಗ ಒಂದೂ ಖಾಲಿ ಡಬ್ಬಿ ಉಳಿದಿರಲಿಲ್ಲ.

6/10 ಎರಿ ಮಣ್ಣು ಮತ್ತು ಜಂಗು

ಈ ಫೋಟೋದಲ್ಲಿ ಕಾಣುವ ತೂತಿನಲ್ಲಿ ನನ್ನ ಕೈ ಹೋಗುತ್ತದೆ. ಡ್ರೈವರ್ ಸೀಟಿನ ಕೆಳಗಿನ ತಳ ಅದು.

ತುಕ್ಕು ಹುಡುಕಲು ಕಣ್ಣಿಗಿಂತ ಕಿವಿ ಮೇಲು. ಸ್ಕ್ರೂ ಡ್ರೈವರಿನ ಹಿಡಿಯಿಂದ ತಗಡಿನ ಮೇಲೆ ಬಡಿಯುತ್ತಾ ಹೋಗಿ. ಠಣ್ ಅಂದರೆ ತಗಡು ಗಟ್ಟಿ. ಡಬ್ ಅಂದರೆ ಒಳಗೆ ತುಕ್ಕು, ಇಲ್ಲವೇ ಹಿಂದೆ ಯಾರೋ ದಪ್ಪನೆ ಪುಟ್ಟಿ ಹಚ್ಚಿ ಮುಚ್ಚಿದ್ದಾರೆ. ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹೋದೆ. ಕೊನೆಗೆ ಗಾಡಿ ರಂಗೋಲಿ ಹಾಕಿದ ಹಾಗೆ ಆಗಿತ್ತು.

ನಮ್ಮದು ಒಣ ಬಿಸಿಲಿನ ನಾಡು, ತುಕ್ಕು ಎಲ್ಲಿಂದ ಬಂತು? ಎರಿ ಮಣ್ಣಿನಿಂದ. ಕರಿ ಮಣ್ಣು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ಹಿಂಗಾರಿ ಜೋಳ ಮಳೆ ಇಲ್ಲದೆಯೂ ಬೆಳೆಯುತ್ತದೆ. ಅದೇ ಮಣ್ಣು ಗಾಡಿಯ ಮಡ್‌ಗಾರ್ಡಿನ ಮಡಿಕೆಗಳಲ್ಲಿ ಕೂತರೆ ತಗಡಿಗೆ ವಾರಗಟ್ಟಲೆ ಹಸಿ ಬಟ್ಟೆ ಸುತ್ತಿದ ಹಾಗೆ. ಪ್ರತಿ ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ತುಂಬಿ ಮುಚ್ಚಿದರೆ ಗಾಜಿನ ಸಂದಿಯಿಂದ ಇಳಿದ ಮಳೆನೀರು ಬಾಗಿಲೊಳಗೇ ನಿಲ್ಲುತ್ತದೆ. ನಿಮ್ಮ ಮನೆ ಕಾರು, ಅದು ಹೊಸದೇ ಇರಲಿ, ಒಮ್ಮೆ ಬಗ್ಗಿ ಆ ತೂತು ನೋಡ್ರಿ. ಒಂದು ಕಡ್ಡಿ ಸಾಕು ಬಿಡಿಸಲು.

ಈ ಗಾಡಿಯ ಪುಣ್ಯ ಅಂದರೆ ಚಾಸಿ ಬೇರೆ, ಬಾಡಿ ಬೇರೆ. ಲಾರಿಯ ಹಾಗೆ ಕೆಳಗೆ ಉಕ್ಕಿನ ಚೌಕಟ್ಟು, ಅದರ ಮೇಲೆ ಬಾಡಿ ಕೂಡಿಸಿ ಬೋಲ್ಟು ಹಾಕಿದ್ದಾರೆ. ಈಗಿನ ಬಹಳಷ್ಟು ಕಾರುಗಳಲ್ಲಿ ಎರಡೂ ಒಂದೇ. ಅಂಥದ್ದರ ತಳ ತುಕ್ಕು ಹಿಡಿದರೆ ಬಲವೇ ಹೋಯಿತು. ನಮ್ಮದರ ಚಾಸಿ ಗಟ್ಟಿ ಇತ್ತು. ಕೆಟ್ಟ ತಗಡು ಗ್ರೈಂಡರಿನಿಂದ ಕತ್ತರಿಸಿ, ಹೊಸ ತಗಡಿನ ತೇಪೆ ವೆಲ್ಡ್ ಮಾಡಿ, ಪ್ರೈಮರ್ ಹೊಡೆದೆವು. ವೆಲ್ಡಿಂಗ್ ಕಾಕಾನದು, ತಿಕ್ಕಿದ್ದು ನಾನು. ಮೇ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಆರಕ್ಕೆ ಶುರು, ಹತ್ತಕ್ಕೆ ಬಂದ್. ಆಮೇಲೆ ತಗಡು ಮುಟ್ಟಿದರೆ ರೊಟ್ಟಿ ಹಂಚು.

ದಾರಿಯಲ್ಲಿ ಹೋಗುವವರು ನಿಂತು, "ಹುಡುಗಿ ಗಾಡಿ ಬುಡಕ ಮಲಗ್ಯಾಳಲ್ಲೋ" ಅಂತ ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ "ಹೂಂ, ಕಾಣಾಕತ್ತೈತಿ" ಅಂದು ಒಳಗೆ ಹೋಗುತ್ತಿದ್ದ. ಗಾಡಿ ಹತ್ತಿರ ಬರುತ್ತಿರಲಿಲ್ಲ.

7/10 ಬಿಳಿ ಹೊಗೆ, ಕರಿ ಹೊಗೆ, ನೀಲಿ ಹೊಗೆ

ವರ್ಷಗಟ್ಟಲೆ ನಿಂತ ಡೀಸೆಲ್ ಎಂಜಿನ್ನಿಗೆ ಹೊಸ ಬ್ಯಾಟರಿ ಹಾಕಿ ತಟ್ಟನೆ ಕೀ ತಿರುಗಿಸಬೇಡಿ. ಪಿಸ್ಟನ್ ರಿಂಗು ಸಿಲಿಂಡರಿಗೆ ಅಂಟಿಕೊಂಡಿದ್ದರೆ ಮುರಿಯುತ್ತದೆ.

ನಾವು ಮಾಡಿದ್ದು ಹೀಗೆ. ಹಳೇ ಎಂಜಿನ್ ಆಯಿಲ್ ಇಳಿಸಿ ಹೊಸದು ಹಾಕಿದೆವು. ನೋಝಲ್ ನಾಲ್ಕೂ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಟ್ಟು ಎರಡು ದಿನ ಸುಮ್ಮನಿದ್ದೆವು. ಮೂರನೇ ದಿನ ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿದೆ. ಮೊದಲು ಬಿಗಿ. ಆಮೇಲೆ ಬೆಣ್ಣೆ ಕಡಿದ ಹಾಗೆ ನಿಧಾನ ಹೊರಳಿತು. ಆ ಕ್ಷಣ ನನಗೆ ಪರೀಕ್ಷೆ ರಿಸಲ್ಟಿಗಿಂತ ದೊಡ್ಡದು.

ಟ್ಯಾಂಕಿನ ತಳದಲ್ಲಿ ಡಾಂಬರಿನಂಥ ಕೆಸರು. ಅದನ್ನು ತೊಳೆದು, ಫಿಲ್ಟರ್ ಬದಲಿಸಿದೆವು. ಡೀಸೆಲ್ ಲೈನಿನಲ್ಲಿ ಗಾಳಿ ಇದ್ದರೆ ಎಂಜಿನ್ ಹಿಡಿಯುವುದಿಲ್ಲ. ಕೈಪಂಪು ಒತ್ತುತ್ತಾ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಡಬೇಕು. ಎಂಜಿನ್ ತಿರುಗುವಾಗ ನೋಝಲ್ ಪೈಪಿನ ಹತ್ತಿರ ಮಾತ್ರ ಕೈ ಒಯ್ಯಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೋದರೆ ಮನೆ ಮದ್ದಲ್ಲ, ಸೀದಾ ಆಸ್ಪತ್ರೆ.

ಈ ಎಂಜಿನ್ನಿಗೆ ಹೀಟರ್ ಪ್ಲಗ್ ಉಂಟು. ಕೀ ಅರ್ಧ ತಿರುಗಿಸಿ, ಪ್ಲಗ್ ಕಾಯ್ದ ಮೇಲೆ ಸ್ಟಾರ್ಟ್. ನಾಲ್ಕರಲ್ಲಿ ಎರಡು ಸತ್ತಿದ್ದವು, 12 ವೋಲ್ಟಿನ ಟೆಸ್ಟ್ ಬಲ್ಬಿನಿಂದ ಪತ್ತೆ ಆಯಿತು.

ಜೂನ್ ಮೊದಲ ವಾರ ಅದು ಮೂರನೇ ಸಲಕ್ಕೆ ಹಿಡಿಯಿತು. ಕೊಟ್ಟಿಗೆ ತುಂಬಾ ಹೊಗೆ, ಎಮ್ಮೆ ಹಗ್ಗ ಹರಕೊಂಡು ಓಡಿತು. ಹೊಗೆಯ ಬಣ್ಣ ಓದುವುದು ಕಲಿಯಿರಿ. ಬಿಳಿ ಅಂದರೆ ಡೀಸೆಲ್ ಸುಡದೆ ಹೊರಬರ್ತಿದೆ, ತಣ್ಣಗಿನ ಎಂಜಿನ್ನಿನಲ್ಲಿ ಸಹಜ. ಕರಿ ಅಂದರೆ ಡೀಸೆಲ್ ಹೆಚ್ಚು, ಗಾಳಿ ಕಮ್ಮಿ, ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಅಂದರೆ ಎಂಜಿನ್ ಆಯಿಲ್ ಸುಡ್ತಿದೆ, ಅದು ಖರ್ಚಿನ ಹೊಗೆ. ನಮ್ಮದು ಬಿಳಿಯಿಂದ ಶುರುವಾಗಿ ಹತ್ತು ನಿಮಿಷಕ್ಕೆ ತಿಳಿಯಾಯಿತು.

ಮುತ್ಯಾ ಒಳಗೆ ಹೊರಸಿನ ಮೇಲೆ ಮಲಗಿದ್ದ. ಕಣ್ಣು ಕಾಣುವುದಿಲ್ಲ, ಕಿವಿ ಚುರುಕು. "ಒಂದ್ ನೋಝಲ್ ಬಡಿಯಾಕತ್ತೈತಿ, ಮೂರನೇದ್ದು ನೋಡು" ಅಂದ. ಮೂರನೆಯದೇ ಆಗಿತ್ತು.

8/10 ಸಾಮಾನು ಎಲ್ಲಿ ಸಿಕ್ತು?

ಅತಿ ಹೆಚ್ಚು ಬಂದ ಪ್ರಶ್ನೆ ಇದು. ಉತ್ತರ ಸುಲಭ ಅರ್ಧ, ಕಷ್ಟ ಅರ್ಧ.

ಸುಲಭ ಅರ್ಧ ಸುಮೊ ಕೊಟ್ಟಿತು. ಹಳೇ ಸುಮೊದಲ್ಲಿರುವುದೂ ಇದೇ 1948 ಸಿಸಿ ಎಂಜಿನ್. ಹಾಗಾಗಿ ಫಿಲ್ಟರು, ಗ್ಯಾಸ್ಕೆಟ್ಟು, ಹೀಟರ್ ಪ್ಲಗ್ಗು, ನೋಝಲ್ಲು ಎಲ್ಲಾ ವಿಜಯಪುರದ ಅಂಗಡಿಯಲ್ಲೇ ಸಿಕ್ಕವು. ಸುಮೊ ಅನ್ನುವ ಹೆಸರು ಟೆಲ್ಕೊ ಕಟ್ಟಿದ ಸುಮಂತ್ ಮೂಳಗಾಂವ್ಕರ್ ಅವರ ಹೆಸರಿನ ಮೊದಲ ಅಕ್ಷರಗಳಿಂದ ಬಂತು, ಗೊತ್ತಿತ್ತಾ? ನಾನು ಕುಸ್ತಿಯ ಸುಮೊ ಅಂತ ತಿಳಿದಿದ್ದೆ.

ಹಳೇ ಗಾಡಿ ಕೊಳ್ಳುವ ಆಸೆ ಇದ್ದರೆ ಇದೇ ಸೂತ್ರ ನೆನಪಿಡಿ. ಅಪರೂಪದ ಬಾಡಿ ಇರಲಿ, ಎಂಜಿನ್ ಮಾತ್ರ ಊರ ತುಂಬಾ ಓಡುವ ಗಾಡಿಯದ್ದಾಗಿರಲಿ.

ಕಷ್ಟ ಅರ್ಧ ಬಾಡಿಯದು. ಹಿಂದಿನ ಲೈಟಿನ ಗಾಜು, ಪಕ್ಕದ ಉದ್ದ ಕಿಟಕಿಯ ರಬ್ಬರ್ ಬೀಡಿಂಗ್, ಹಿಂದಿನ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಶಾಕ್. ಇವು ಎಸ್ಟೇಟಿಗೆ ಮಾತ್ರ ಇದ್ದವು, ಅಂಗಡಿಯಲ್ಲಿಲ್ಲ. ಸೊಲ್ಲಾಪುರದ ಗುಜರಿಗಳಲ್ಲಿ ಎರಡು ದಿನ ತಿರುಗಿ ಒಂದು ಲೈಟು ಸಿಕ್ಕಿತು. ಬೆಂಗಳೂರಿನಲ್ಲಿ ಓದುವ ಗೆಳತಿ ಶಿವಾಜಿನಗರದ ಗುಜರಿ ಓಣಿಗೆ ಹೋಗಿ ವಿಡಿಯೋ ಕಾಲ್ ಮಾಡಿ ಇನ್ನೊಂದು ಹುಡುಕಿಕೊಟ್ಟಳು. ಬೀಡಿಂಗನ್ನು ಅಳತೆ ಕೊಟ್ಟು ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ತಂದೆವು. ಗ್ಯಾಸ್ ಶಾಕ್‌ಗೆ ಉದ್ದ ಮತ್ತು ಎತ್ತುವ ಬಲ ಹೊಂದಿದರೆ ಬೇರೆ ಗಾಡಿಯದೂ ನಡೆಯುತ್ತದೆ.

ಅಲ್ಲಿಗೆ ಒಂದು ಮಾತು ಬಂತು. ಹಿಂದಿನ ಬಾಗಿಲಿಗೆ ಶಾಕ್ ತಂದಾಗಿದೆ, ಆದರೆ ಬಾಗಿಲೇ ತೆರೆದಿಲ್ಲ. ತಪಾಸಣೆಗೆ ಹೋಗುವ ಗಾಡಿಯ ಒಂದು ಬಾಗಿಲು ಸತ್ತಿದ್ದರೆ ನಡೆಯುವುದಿಲ್ಲ ಅಂತ ಕಾಕಾ ಹೇಳಿದರು. ಅಪ್ಪ ಕೇಳಿಸಿಕೊಂಡು, "ಅದನ್ನ ಮುಟ್ಟಬ್ಯಾಡ್ರಿ" ಅಂದ. ಅಷ್ಟು ಗಟ್ಟಿಯಾಗಿ ಅಪ್ಪ ಮಾತಾಡಿದ್ದು ನಾನು ಕೇಳಿರಲಿಲ್ಲ.

9/10 ಹಿಂದಿನ ಬಾಗಿಲು

ಇದನ್ನು ಬರೆಯಲು ಅಪ್ಪನನ್ನು ಕೇಳಿಯೇ ಬರೀತಿದೀನಿ.

ಅವತ್ತು ರಾತ್ರಿ ಅವ್ವ ಹೇಳಿದಳು. 2005ರಲ್ಲಿ ಆಯಿಗೆ ಎದೆ ನೋವು ಬಂದಾಗ ಗಾಡಿ ಓಡಿಸಿದ್ದು ಅಪ್ಪ. ಮುತ್ಯಾ ಹಿಂದೆ ಆಯಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಕಲಬುರಗಿಯಲ್ಲಿ ಆಸ್ಪತ್ರೆ ಮುಂದೆ ನಿಲ್ಲಿಸಿ ಅಪ್ಪ ಹಿಂದಿನ ಬಾಗಿಲು ಎಳೆದರೆ ಅದು ಬರಲಿಲ್ಲ. ಹಿಡಿಕೆ ಆಡುತ್ತದೆ, ಲಾಕ್ ಬಿಡುವುದಿಲ್ಲ. ನಾಲ್ಕೈದು ನಿಮಿಷ ಒದ್ದಾಡಿ, ಕೊನೆಗೆ ಪಕ್ಕದ ಬಾಗಿಲಿನಿಂದ ಎಳೆದು ಇಳಿಸಿದರು. ಒಳಗೆ ಒಯ್ದಾಗ ಜೀವ ಇಲ್ಲ ಅಂದರು. ಇಪ್ಪತ್ತು ವರ್ಷದಿಂದ ಅಪ್ಪನ ತಲೆಯಲ್ಲಿ ಆ ನಾಲ್ಕೈದು ನಿಮಿಷ ಇದೆ.

ನಾನು ಅಪ್ಪನ ಹತ್ತಿರ ಹೋಗಿ, "ಯಾಕ ಬರಲಿಲ್ಲ ಅಂತ ನೋಡೂಣು ಅಪ್ಪಾ. ಆಮ್ಯಾಲೆ ಬೇಕಾದ್ರ ಗುಜರಿಗೆ ಕೊಡು" ಅಂದೆ. ಅಪ್ಪ ಏನೂ ಅನ್ನಲಿಲ್ಲ. ಬೆಳಿಗ್ಗೆ ತಾನೇ ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಂತ.

ಒಳಗಿನಿಂದ ಹೋಗಿ ಬಾಗಿಲಿನ ಒಳ ಹಲಗೆ ಬಿಚ್ಚಿದೆ. ಇಂಥ ಲಾಕ್ ಸರಳ. ಹೊರಗಿನ ಹಿಡಿಕೆ ಒಂದು ಕಡ್ಡಿ ಎಳೆಯುತ್ತದೆ, ಕಡ್ಡಿ ಲಾಕನ್ನು ಬಿಡಿಸುತ್ತದೆ. ಕಡ್ಡಿ ಮತ್ತು ಲಾಕ್ ಕೂಡುವಲ್ಲಿ ಬೆರಳುಗುರಿನಷ್ಟು ಪ್ಲಾಸ್ಟಿಕ್ ಕ್ಲಿಪ್ ಇರಬೇಕು. ಅದರ ಜಾಗದಲ್ಲಿ ಬೈಂಡಿಂಗ್ ತಂತಿ ಸುತ್ತಿತ್ತು. ಯಾವಾಗಲೋ, ಎಲ್ಲೋ, ಯಾರೋ ಅವಸರಕ್ಕೆ ಕಟ್ಟಿದ್ದು. ತಂತಿ ಎಳೆದೆಳೆದು ಸಡಿಲಾಗಿ ಕಡ್ಡಿ ಜಾರಿತ್ತು. ಲಾಕಿನ ಒಳಗೆ ಕರಿ ಮಣ್ಣು ಕಲ್ಲಾಗಿತ್ತು. ಸ್ಕ್ರೂ ಡ್ರೈವರಿನಿಂದ ಲಾಕ್ ಒತ್ತಿದೆ. ಟಕ್ ಅಂತ ಬಿಟ್ಟಿತು.

ಬಾಗಿಲು ಮೇಲೆದ್ದಿತು. ಒಳಗೆ ಏನಿರುತ್ತೋ ಅಂತ ಹೆದರಿದ್ದೆ. ಏನೂ ಇರಲಿಲ್ಲ. ಧೂಳು, ನಾಲ್ಕು ತೊಗರಿ ಕಾಳು.

ತಂತಿ ತೆಗೆದು ಅಪ್ಪನ ಕೈಗೆ ಕೊಟ್ಟೆ. "ಇಷ್ಟನಾ?" ಅಂದ. "ಇಷ್ಟ."

ಮುತ್ಯಾ ಗೋಡೆ ಹಿಡಿದು ಅಲ್ಲಿಗೇ ಬಂದಿದ್ದ. ಬಾಗಿಲ ಸಪ್ಪಳ ಕೇಳಿಸಿತ್ತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ತಮ್ಮಾ, ಆಕಿ ಜೇವರ್ಗಿ ದಾಟೂದ್ರಾಗ ಹೋಗಿದ್ಲು. ನನ್ನ ತೊಡಿ ಮ್ಯಾಲೇ ಇದ್ಲಲ್ಲ, ನನಗ ಗೊತ್ತಾತು. ನೀ ಗಾಡಿ ಹೊಡಿಯಾಕತ್ತಿದ್ದಿ, ಹೊಳಿ ಸೇತುವೆ ಮುಂದಿತ್ತು. ಹೆಂಗ ಹೇಳ್ಲಿ?"

ಅಪ್ಪ, "ಆಮ್ಯಾಲರ ಹೇಳಬಾರದಾ?" ಅಂದ.

"ನೀ ಆ ಮಾತ ತಗೀಲಿಲ್ಲ. ನಾನೂ ತಗೀಲಿಲ್ಲ."

ಇಬ್ಬರೂ ಗಾಡಿಯ ಹಿಂದೆ, ತೆರೆದ ಬಾಗಿಲಿನ ನೆರಳಿನಲ್ಲಿ ಕೂತರು. ನಾನು ಚಹಾ ತರಲು ಒಳಗೆ ಹೋದೆ. ಬೇಕಂತಲೇ ತಡ ಮಾಡಿದೆ.

10/10 ನೀವು ಇವತ್ತು ಮಾಡಬೇಕಾದ ಕೆಲಸ

ಹೊಸ ಕ್ಲಿಪ್ಪಿಗೆ ಹತ್ತು ರೂಪಾಯಿ ಆಯಿತು. ಲಾಕನ್ನು ಡೀಸೆಲ್‌ನಲ್ಲಿ ತೊಳೆದು ಗ್ರೀಸ್ ಹಚ್ಚಿದ್ದು ಅಪ್ಪ. ಆಮೇಲೆ ಅವನು ದಿನಾ ಬರತೊಡಗಿದ. ಬಣ್ಣದ ಮೊದಲು ಎಮರಿ ಪೇಪರ್ ತಿಕ್ಕುವ ಕೆಲಸ ನನಗಿಂತ ಚೆನ್ನಾಗಿ ಮಾಡುತ್ತಾನೆ. ಬಣ್ಣ ಮೊದಲಿದ್ದ ದಟ್ಟ ಹಸಿರೇ ಇರಲಿ ಅಂತ ತೀರ್ಮಾನಿಸಿದವನೂ ಅವನೇ.

ಸೆಪ್ಟೆಂಬರಿನ ಮಳೆಯಲ್ಲಿ ಬೀಡಿಂಗ್ ಪರೀಕ್ಷೆ ಆಯಿತು. ಎಡಗಡೆ ಒಂದು ಕಡೆ ಸೋರಿತು, ಬಾಕಿ ಒಣ. ಖಂಡೇ ಪೂಜೆಯ ದಿನ ಟ್ರ್ಯಾಕ್ಟರಿನ ಪಕ್ಕ ಇದಕ್ಕೂ ಚೆಂಡು ಹೂವಿನ ಮಾಲೆ ಬಿತ್ತು. ಅಕ್ಟೋಬರಿನಲ್ಲಿ ವಿಜಯಪುರದ ಆರ್‌ಟಿಒಗೆ ಒಯ್ದೆವು. ಬ್ರೇಕ್, ಲೈಟು, ಹೊಗೆ, ಚಾಸಿ ನಂಬರು ಎಲ್ಲಾ ನೋಡಿದರು. ಬಾಗಿಲು ಐದೂ ತೆರೆದು ಮುಚ್ಚಿದರು. ಪಾಸ್. ಈಗ ಕಾಗದ 2030ರ ತನಕ.

ಲೆಕ್ಕ ಕೇಳುವವರಿಗೆ: ಶುಲ್ಕ ಬಿಟ್ಟು ಒಟ್ಟು 71 ಸಾವಿರ ಖರ್ಚಾಯಿತು, ಕಾಕಾನ ಕೂಲಿ ಸೇರಿ. ಗುಜರಿಯವನು ಕೊಡುತ್ತಿದ್ದ 38 ಸಾವಿರವನ್ನೂ ಕೂಡಿಸಿದರೆ ಈ ಗಾಡಿ ನಮಗೆ ಲಕ್ಷ ದಾಟಿತು. ವ್ಯಾಪಾರದ ಲೆಕ್ಕದಲ್ಲಿ ನಷ್ಟವೇ. ಇದನ್ನು ನೋಡಿ ನೀವೂ ಹಳೇ ಗಾಡಿ ತರ್ರಿ ಅಂತ ನಾ ಹೇಳಂಗಿಲ್ಲ. ಕೈಯಲ್ಲಿ ರೊಕ್ಕ, ಸಮಯ, ಗಟ್ಟಿ ಚಾಸಿ ಮೂರೂ ಇದ್ದರೆ ಮಾತ್ರ ಕೈ ಹಾಕ್ರಿ. ಇಲ್ಲಾಂದ್ರ ಮನೆಯಲ್ಲಿರುವ ಗಾಡಿಯನ್ನೇ ಸರಿಯಾಗಿ ನೋಡಿಕೊಳ್ರಿ.

"ಲಾಕ್ ಬಗ್ಗೆ ಪೂರ್ತಿ ಬರಿ" ಅಂತ ಅಪ್ಪ ಹೇಳಿದ್ದಾನೆ. ಅದಕ್ಕೇ ಈ ಸರಣಿ ಬರೆದದ್ದು. ಫೋನ್ ಕೆಳಗಿಟ್ಟು ಹೊರಗೆ ಹೋಗ್ರಿ. ನಿಮ್ಮ ಮನೆಯ ಗಾಡಿ, ಕಾರಿರಲಿ, ಕ್ರೂಸರ್ ಇರಲಿ, ಶಾಲೆಯ ವ್ಯಾನ್ ಇರಲಿ, ಪ್ರತಿ ಬಾಗಿಲನ್ನೂ ಒಮ್ಮೆ ಹೊರಗಿನಿಂದ, ಒಮ್ಮೆ ಒಳಗಿನಿಂದ ತೆರೆದು ನೋಡ್ರಿ. ಚೈಲ್ಡ್ ಲಾಕ್ ಎಲ್ಲಿದೆ, ಹಿಂದಿನ ಬಾಗಿಲು ಕೀ ಇಲ್ಲದೆ ತೆರೆಯುತ್ತದೆಯೇ, ಎಲ್ಲಾದರೂ ತಂತಿ ಕಟ್ಟಿದ್ದೀರಾ ಅಂತ ಮನೆಯ ಎಲ್ಲರಿಗೂ ಗೊತ್ತಿರಲಿ. ಗಾಡಿ ಓಡಿಸದ ಅವ್ವನಿಗೂ, ತಂಗಿಗೂ. ತೆರೆಯದ ಬಾಗಿಲು ಒಂದಾದರೂ ಇದ್ದರೆ ನಾಳೆ ಅಂತ ಬಿಡಬ್ಯಾಡ್ರಿ. ಹತ್ತು ರೂಪಾಯಿ ಕೆಲಸ ಅದು.

ಯಾವ ಬಾಗಿಲು ತೆರೆಯಲಿಲ್ಲ ಅಂತ ನನಗೆ ಮೆಸೇಜ್ ಮಾಡ್ರಿ. ಬಿಚ್ಚೂದು ಹೆಂಗಂತ ಫೋಟೋ ಸಮೇತ ಹೇಳ್ತೀನಿ.

#ಮೋರಟಗಿ #ಸಿಂದಗಿ #ಟಾಟಾಎಸ್ಟೇಟ್ #ಮುತ್ಯಾನಗಾಡಿ